ಅಮೃತಮ್ಮನ ಕನ್ನಡಿಯಂಥ ಕರಿಪುಡಿ

ಅಮೃತಮ್ಮನ ಬಲಗೈ ಎಡಗೈಗಿಂತ ಒಂದು ಬಳೆಯಷ್ಟು ದಪ್ಪ. ಇದು ಅಲಂಕಾರದ ಮಾತಲ್ಲ, ಅಳತೆಯ ಮಾತು. ಶಿವಾಜಿನಗರದಲ್ಲಿ ಬಳೆ ಅಂಗಡಿ ಇಟ್ಟಿದ್ದ ಇಮಾಮ್ ಬೀ, ಎಡಗೈಗೆ ಎರಡು-ನಾಲ್ಕರ ಅಳತೆ, ಬಲಗೈಗೆ ಎರಡು-ಆರರ ಅಳತೆ ಎಂದು ಈ ಒಬ್ಬ ಗಿರಾಕಿಗಾಗಿ ಎರಡೆರಡು ಡಬ್ಬ ಬಿಚ್ಚಬೇಕಾಗುತ್ತಿತ್ತು.

"ಏನಮ್ಮಾ, ಒಂದೇ ಕೈಲಿ ಕುಸ್ತಿ ಆಡ್ತೀಯಾ?"

"ಕುಸ್ತಿ ಅಲ್ಲ ಬೀ, ಪಿಎಚ್.ಡಿ.," ಎನ್ನುತ್ತಿದ್ದಳು ಅಮೃತಮ್ಮ.

ಪೂರ್ತಿ ಸುಳ್ಳೇನಲ್ಲ. ವಿಮಾನಪುರದ ಆಚೆ, ನೀಲಗಿರಿ ಮರಗಳ ಹಿಂದೆ ಇದ್ದ ಪದಾರ್ಥ ಸಂಶೋಧನಾಲಯದಲ್ಲಿ ಎಂಟು ವರ್ಷಗಳಲ್ಲಿ ಐದು ಮಂದಿ ಡಾಕ್ಟರೇಟ್ ಪಡೆದಿದ್ದರು. ಐವರ ಪುಡಿಯನ್ನೂ ಅರೆದು ಕೊಟ್ಟವಳು ಇವಳೇ. ಅಲ್ಲಿನ ಎಕ್ಸ್‌ರೇ ಯಂತ್ರ ನಡೆಸುತ್ತಿದ್ದ ಚನ್ನಪ್ಪ ಇದಕ್ಕೊಂದು ವ್ಯಾಖ್ಯಾನವನ್ನೂ ಬರೆದಿದ್ದ: "ಪಿ ಅಂದ್ರೆ ಪುಡಿ, ಎಚ್ ಅಂದ್ರೆ ಹುಡಿ, ಡಿ ಅಂದ್ರೆ ಧೂಳು. ಮೂರೂ ನಮ್ಮಮೃತಮ್ಮಂದು. ಡಿಗ್ರಿ ಮಾತ್ರ ಬೇರೆಯವರ್ದು."

ಅವಳು ಚಿಂಚೋಳಿ ಕಡೆಯವಳು. ತೊಂಬತ್ತೊಂದರಲ್ಲಿ ಗಂಡ ಭೀಮಾಶಂಕರನಿಗೆ ವಿಮಾನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಾಗ ಇಬ್ಬರೂ ಬೆಂಗಳೂರಿಗೆ ಬಂದರು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದುಗಡೆ ಅವರಿಗೆ ಬಾಡಿಗೆ ಕೋಣೆ ಹುಡುಕಿಕೊಟ್ಟವನು ಇದೇ ಚನ್ನಪ್ಪ. ಸಂಶೋಧನಾಲಯದಲ್ಲಿ ಕಸ ಗುಡಿಸುವ ಕೆಲಸಕ್ಕೆ ಅವಳನ್ನು ಸೇರಿಸಿದವನೂ ಅವನೇ. ಈ ಉಪಕಾರವನ್ನು ಅವಳು ಮರೆತಿರಲಿಲ್ಲ. ಅವನು ಮರೆಯಲು ಬಿಡುತ್ತಲೂ ಇರಲಿಲ್ಲ.

ಕಸಬರಿಗೆಯಿಂದ ಕಲ್ಬತ್ತಿಗೆ ಅವಳು ಬಡ್ತಿ ಪಡೆದದ್ದು ಒಂದು ಬೊಬ್ಬೆಯಿಂದ. ಲೋಹದ ಆಕ್ಸೈಡುಗಳನ್ನು ಬೆರೆಸುವುದೆಂದರೆ ಚಮಚದಲ್ಲಿ ತಿರುವುವುದಲ್ಲ. ಅಗೇಟ್ ಎಂಬ ನುಣುಪು ಕಲ್ಲಿನ ಕಲ್ಬತ್ತಿನಲ್ಲಿ ಗಂಟೆಗಟ್ಟಲೆ ಅರೆಯಬೇಕು, ಒಲೆಗೆ ಹಾಕಬೇಕು, ತೆಗೆದು ಮತ್ತೆ ಅರೆಯಬೇಕು. ಹೀಗೆ ಅರೆದು ಅರೆದು ಅಂಗೈಯಲ್ಲಿ ಬೊಬ್ಬೆ ಎದ್ದ ಸಂಶೋಧಕನೊಬ್ಬ ಬೆರಳು ಊದುತ್ತ ಕೂತಿದ್ದ. ಅಮೃತಮ್ಮ ಕಸಬರಿಗೆ ಗೋಡೆಗೆ ಒರಗಿಸಿ, "ಸರೀರಿ ಅತ್ಲಾಗ," ಎಂದು ಅವನನ್ನು ಎಬ್ಬಿಸಿ ಕುಳಿತಳು. ಒಂದು ತಾಸಿನ ಮೇಲೆ, "ಆತು ನೋಡ್ರಿ," ಎಂದಳು.

"ಆಯ್ತು ಅಂತ ಹೇಗೆ ಗೊತ್ತು?"

"ಸಪ್ಪಳ ಬದ್ಲ್ಯಾದಲ್ರೀ. ಮೊದಲ ಕರಕರ ಅಂತಿತ್ತು. ಈಗ ಸುಮ್ಕಾಗ್ಯಾದ."

ಸಂಸ್ಥೆಯ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ವಿರೂಪಾಕ್ಷ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮರುದಿನದಿಂದ ಕಸಕ್ಕೆ ಬೇರೆಯವರನ್ನು ನೇಮಿಸಿದರು. ಅರೆಯುವುದಕ್ಕೂ ಅರಿಯುವುದಕ್ಕೂ ನಡುವೆ ಒಂದು ಗುಣಿಸಿನ ಅಂತರ ಮಾತ್ರ ಎಂಬುದು ಅಮೃತಮ್ಮನ ವಿಷಯದಲ್ಲಿ ನಿಜವಾಗಿತ್ತು. ಗಾಜಿನ ಚೂರು ಪುಡಿಗೆ ಬೀಳಬಾರದೆಂದು ಬಲಗೈ ಬಳೆಗಳನ್ನು ತೆಗೆದು ಮೇಜಿನ ಮೇಲ್ಗಡೆ ಗೋಡೆಯ ಮೊಳೆಗೆ ತಗುಲಿಹಾಕಿ ಕೂರುವುದು ಅವಳ ಪದ್ಧತಿ. ಮೊಳೆಯಲ್ಲಿ ಬಳೆ ಇದ್ದರೆ ಅಮೃತಮ್ಮ ಡ್ಯೂಟಿಯಲ್ಲಿದ್ದಾಳೆ ಎಂದರ್ಥ. ಹಾಜರಿ ಪುಸ್ತಕಕ್ಕಿಂತ ಆ ಮೊಳೆಯನ್ನೇ ಜನ ನಂಬುತ್ತಿದ್ದರು.

ತೊಂಬತ್ತೊಂಬತ್ತರಲ್ಲಿ ಬಂದವಳು ರಶ್ಮಿ. ಹಲಸೂರಿನ ಹುಡುಗಿ, ಕಾನ್ವೆಂಟಿನಲ್ಲಿ ಓದಿದವಳು, ತಪ್ಪು ಮಾಡದಿದ್ದರೂ ಮೊದಲು 'ಸಾರಿ' ಹೇಳಿ ಆಮೇಲೆ ಏನೆಂದು ಕೇಳುವವಳು. ಅವಳು ಆರಿಸಿಕೊಂಡದ್ದು ಸೋಡಿಯಂ ಕೋಬಾಲ್ಟ್ ಆಕ್ಸೈಡ್ ಎಂಬ ಕಪ್ಪು ಪುಡಿ. ಒಂದು ಕಡೆ ಕಾಯಿಸಿದರೆ ಆ ಶಾಖದಿಂದಲೇ ವಿದ್ಯುತ್ ಹುಟ್ಟಿಸಬಲ್ಲ ವಸ್ತು ಎಂದು ಆಗ ಹೊರದೇಶಗಳಲ್ಲಿ ಅದರ ಸುದ್ದಿಯೋ ಸುದ್ದಿ. ಅದರ ಒಳಗೆ ಏನಿದೆ ಎಂದು ಅಮೃತಮ್ಮ ಕೇಳಿದಾಗ ರಶ್ಮಿ ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು.

"ಇದು ಕೋಬಾಲ್ಟ್, ಆಕ್ಸಿಜನ್ ಸೇರಿದ ಹಾಳೆ. ಇದ್ರ ಮೇಲೆ ಸೋಡಿಯಂ ಪದರ. ಮತ್ತೆ ಹಾಳೆ, ಮತ್ತೆ ಸೋಡಿಯಂ. ಸಾವಿರಾರು ಪದರ, ಒಂದರ ಮೇಲೊಂದು."

"ಖಡಕ್ ರೊಟ್ಟಿ ಕಟ್ಟು," ಎಂದಳು ಅಮೃತಮ್ಮ. "ನಡುನಡುವ ಶೇಂಗಾ ಹಿಂಡಿ ಉದುರಿಸಿದ್ದು."

ರಶ್ಮಿ ತನ್ನ ಚಿತ್ರವನ್ನೊಮ್ಮೆ ನೋಡಿಕೊಂಡಳು. ಮೂರು ಪುಸ್ತಕ ಓದಿ ಬರೆದದ್ದಕ್ಕಿಂತ ಇದೇ ಸರಿಯಾಗಿತ್ತು. "ಹೌದು. ಕರೆಂಟು ರೊಟ್ಟಿಯ ಉದ್ದಕ್ಕೂ ಸಲೀಸಾಗಿ ಓಡುತ್ತೆ. ಒಂದು ರೊಟ್ಟಿಯಿಂದ ಮೇಲಿನ ರೊಟ್ಟಿಗೆ ಹತ್ತೋದೇ ಕಷ್ಟ."

"ಕರೆಂಟಿಗೂ ಮೆಟ್ಟಿಲು ಹತ್ತಲಿಕ್ಕಿ ಬ್ಯಾಸರ ಅನ್ರಿ. ನಮ್ಮ ಚನ್ನಪ್ಪಣ್ಣನಂಗ."

ಸೋಡಿಯಂ ಬಹಳ ಚಂಚಲ. ನಿಧಾನವಾಗಿ ಕಾಯಿಸಿದರೆ ಹಾರಿಹೋಗುತ್ತದೆ. ಆದ್ದರಿಂದ ಒಲೆಯನ್ನು ಮೊದಲೇ ಕೆಂಪಗೆ ಕಾಯಿಸಿಟ್ಟು, ಪುಡಿ ತುಂಬಿದ ದೋಣಿಯಾಕಾರದ ಪಿಂಗಾಣಿ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆಗೇ ಒಳಗೆ ತಳ್ಳಬೇಕು. ಹೆಂಚು ಕಾಯದೆ ರೊಟ್ಟಿ ಹಾಕಬಾರದು ಎಂಬುದನ್ನು ಅಮೃತಮ್ಮನಿಗೆ ಹೇಳಿಕೊಡುವ ಅಗತ್ಯ ಯಾರಿಗೂ ಬರಲಿಲ್ಲ. ಒಲೆಯಿಂದ ಹೊರಬಂದ ಪುಡಿ ಕಪ್ಪಗೆ, ಒಳಗೊಳಗೇ ಮಿನುಗುತ್ತಿತ್ತು. ಇಷ್ಟು ವರ್ಷದಲ್ಲಿ ಇಂಥ ಚೆಂದದ ಪುಡಿಯನ್ನು ತಾನು ಮಾಡಿಲ್ಲ ಎಂದು ಅವಳಿಗೇ ಅನಿಸಿತು. ಅದಕ್ಕೆ ಅವಳಿಟ್ಟ ಹೆಸರು 'ಕರಿಪುಡಿ'. ರಶ್ಮಿಯ ನೋಟ್‌ಬುಕ್ಕಿನಲ್ಲೂ ಕೊನೆಗೆ ಅದೇ ಹೆಸರು ನಿಂತಿತು.

ಅಂಥ ಪುಡಿಗೆ ಕೆಟ್ಟ ಹೆಸರು ಬಂತು.

ಪುಡಿ ಸರಿಯಾಗಿದೆಯೋ ಇಲ್ಲವೋ ಹೇಳುವುದು ಎಕ್ಸ್‌ರೇ ಯಂತ್ರ. ಆಸ್ಪತ್ರೆಯ ಎಕ್ಸ್‌ರೇ ಹಾಗೆ ಎಲುಬು ತೋರಿಸುವುದಲ್ಲ ಇದು. ಕಾಗದದ ಮೇಲೆ ನಂದಿಬೆಟ್ಟದ ಸಾಲಿನಂತೆ ಏರಿಳಿಯುವ ಗೆರೆ ಬರೆಯುತ್ತದೆ. ಪ್ರತಿ ಹರಳಿಗೂ ತನ್ನದೇ ಶಿಖರಗಳ ಸಾಲು, ತನ್ನದೇ ರುಜು. ಆ ರುಜು ಪುಸ್ತಕದಲ್ಲಿರುವ ಮಾದರಿಗೆ ಹೊಂದಬೇಕು. ಕರಿಪುಡಿಯ ಕಾಗದದಲ್ಲಿ ಎರಡು ಶಿಖರ ಮುಗಿಲು ಮುಟ್ಟಿದ್ದವು. ಇರಬೇಕಾದ ಉಳಿದವೆಲ್ಲ ನೆಲ ಕಚ್ಚಿದ್ದವು. ಒಂದು ಸಲವಲ್ಲ, ನಾಲ್ಕು ಸಲ ಮಾಡಿದರೂ ಹಾಗೇ. ಮುಂದಿನ ಶುಕ್ರವಾರ ದೆಹಲಿಯಿಂದ ಹಿರಿಯ ತಜ್ಞರೊಬ್ಬರು ರಶ್ಮಿಯ ಕೆಲಸ ಪರಿಶೀಲಿಸಲು ಬರುವವರಿದ್ದರು.

"ಯಂತ್ರದ ತಟ್ಟೆಗೆ ಪುಡಿ ಒತ್ತಿ ತುಂಬಿದ್ರೆ ಹೀಗಾಗಬಹುದು ಸರ್," ಎಂದು ರಶ್ಮಿ ಅನುಮಾನ ಎತ್ತಿದ್ದಳು.

ವಿರೂಪಾಕ್ಷ ಚನ್ನಪ್ಪನನ್ನು ಕರೆಸಿ ಕೇಳಿದರು. ಅವನು ಕಣ್ಣು ಮಿಟುಕಿಸಲಿಲ್ಲ. "ರೂಲ್ ಪ್ರಕಾರ ಪಕ್ಕದಿಂದ ಸಡಿಲವಾಗಿ ತುಂಬಿದ್ದೀನಿ ಸಾರ್. ನನ್ನ ಕೈಯಾರೆ."

ಅಲ್ಲಿಗೆ ಆ ಅನುಮಾನ ಮುಗಿಯಿತು. ಉಳಿದದ್ದು ಒಂದೇ: ಪುಡಿಯೇ ಕೆಟ್ಟಿದೆ, ಕೈ ಅರೆತ ಸಮನಾಗಿಲ್ಲ. ಸೋಜಿಗದ ವಿಷಯವೆಂದರೆ, ಅದೇ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡಿ ನಾಲ್ಕು ತಂತಿ ಹಚ್ಚಿ ಅಳೆದರೆ, ಬಿಲ್ಲೆಯ ಮುಖದ ಮೇಲೆ ಕರೆಂಟು ನೀರಿನಂತೆ ಹರಿಯುತ್ತಿತ್ತು. "ಪುಡಿ ಕೆಟ್ಟಿದ್ರೆ ಇಷ್ಟು ಚೆನ್ನಾಗಿ ಹೇಗೆ ಹರಿಯುತ್ತೆ ಸರ್?" ಎಂದು ರಶ್ಮಿ ಕೇಳಿದ್ದಕ್ಕೆ, ಮೀಟರನ್ನೂ ತಪಾಸಣೆಗೆ ಕಳಿಸೋಣ ಎಂದುಬಿಟ್ಟರು ವಿರೂಪಾಕ್ಷ. ಕೆಟ್ಟ ಮನುಷ್ಯರಲ್ಲ. ತಜ್ಞರು ಬರುವ ವಾರದಲ್ಲಿ ಒಳ್ಳೆಯವರೂ ಹೀಗೇ ಆಡುತ್ತಾರೆ.

ಶನಿವಾರ ಅವರು ಅಮೃತಮ್ಮನನ್ನು ಕರೆದು ತಾವೇ ಹೇಳಿದರು. "ಅಮೃತಮ್ಮ, ಅರೆಯೋ ಮೆಷಿನ್ ತರಿಸ್ತಾ ಇದ್ದೀವಿ. ನಿಮಗೂ ವಯಸ್ಸಾಯ್ತು. ಬರೋ ವಾರದ ಕೊನೆಯಿಂದ ಮೇಲೆ ಗೆಸ್ಟ್ ರೂಮು ನೋಡ್ಕೊಳ್ಳಿ. ಚಹಾ, ಕಪ್ಪು, ಬಸಿ, ಅಷ್ಟೇ. ಹಗುರ ಕೆಲಸ."

"ನನ್ನ ಪುಡ್ಯಾಗ ಏನ್ ತಪ್ಪದ ಸಾಹೇಬ್ರ?"

"ತಪ್ಪು ಅಂತಲ್ಲ..." ಎಂದು ಅವರು ಕಾಗದ ಜೋಡಿಸತೊಡಗಿದರು.

ತಪ್ಪು ಅಂತಲ್ಲ ಎಂದರೆ ತಪ್ಪು ಎಂದೇ ಅರ್ಥ. ಅಮೃತಮ್ಮ ಮೊಳೆಯಿಂದ ಬಳೆ ತೆಗೆದುಕೊಂಡಳು. ರಶ್ಮಿ ಹಿಂದೆಯೇ ಓಡಿಬಂದು, "ಸಾರಿ ಅಮೃತಮ್ಮ. ಒತ್ತಿ ತುಂಬಿದ್ರಿಂದ ಅಂದ್ಕೊಂಡಿದ್ದೆ. ಆದ್ರೆ ಚನ್ನಪ್ಪ ಪಕ್ಕದಿಂದ ಸಡಿಲವಾಗಿ ತುಂಬಿದ್ದಾರಂತೆ," ಎಂದಳು. ಅಮೃತಮ್ಮನ ತಲೆ ಆಗ ಗೆಸ್ಟ್ ರೂಮಿನ ಕಪ್ಪುಬಸಿಯ ಸುತ್ತ ತಿರುಗುತ್ತಿತ್ತು. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಭಾನುವಾರ ಇಳಿಯಿತು.

ಭೀಮಾಶಂಕರ ಕ್ಯಾಂಟೀನಿನ ಗೆಳೆಯರಿಗೆಂದು ಖಡಕ್ ರೊಟ್ಟಿಯ ಚೂರುಗಳನ್ನು ಡಬ್ಬಿಗೆ ಸುರಿಯುತ್ತಿದ್ದ. ಅಡ್ಡಡ್ಡ, ಉದ್ದುದ್ದ ನಿಂತ ಚೂರುಗಳು ಬಾಯಿಯಿಂದ ಹೊರಚಾಚಿದ್ದವು.

"ಏ ಇವಳೇ, ಡಬ್ಬಿ ಸಣ್ಣದಾತು ನೋಡು."

"ಡಬ್ಬಿ ಸಣ್ಣದಲ್ಲ, ನಿಮಗ ತುಂಬಲಿಕ್ಕಿ ಬರಾಂಗಿಲ್ಲ," ಎಂದು ಅವಳು ಡಬ್ಬಿ ಕಸಿದು, ನಾಲ್ಕು ಸಲ ಕುಟ್ಟಿ, ಅಂಗೈಯಿಂದ ಒತ್ತಿದಳು. ಚೂರುಗಳೆಲ್ಲ ಒಂದರ ಮೇಲೊಂದು ಮಲಗಿದವು. ಮುಚ್ಚಳ ಹಾಕಲು ಹೋದವಳು ನಿಂತುಬಿಟ್ಟಳು. ಮೇಲಿನಿಂದ ನೋಡಿದರೆ ರೊಟ್ಟಿಯ ಮುಖವಷ್ಟೇ ಕಾಣುತ್ತಿತ್ತು. ಅಂಚು ಒಂದೂ ಇಲ್ಲ. ಈಗಷ್ಟೇ ಗಂಡ ಸುರಿದಾಗ ಮುಖ, ಅಂಚು, ಮೂಲೆ ಎಲ್ಲ ಕಂಡಿದ್ದವು.

ಕಾನ್ವೆಂಟಿನ ಮಕ್ಕಳು ಆಟದ ಬಯಲಿನಲ್ಲಿದ್ದರೆ ಮುಖ, ಬೆನ್ನು, ಜಡೆ ಎಲ್ಲ ಕಂಡಾವು. ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸಿ ಎದುರಿನಿಂದ ಫೋಟೋ ತೆಗೆದರೆ, ಯಾರಿಗೂ ಜಡೆಯೇ ಇಲ್ಲ ಎಂದು ಹೇಳಬಹುದು. ಕರಿಪುಡಿಗೆ ಆದದ್ದು ಅದೇ.

ಏಕೆಂದರೆ ಎಕ್ಸ್‌ರೇ ಯಂತ್ರದ ತಟ್ಟೆಗೆ ಪುಡಿ ತುಂಬುತ್ತಿದ್ದವನು ಚನ್ನಪ್ಪ ಆಗಿರಲೇ ಇಲ್ಲ. ಐದು ವರ್ಷದಿಂದ, "ನಿನ್ ಕೈ ನೀಟು ಕಣಮ್ಮ," ಎಂದು ಹೊಗಳಿ ಆ ಕೆಲಸವನ್ನು ಅವಳಿಗೆ ದಾಟಿಸಿದ್ದ. ಅವಳು ತುಂಬುತ್ತಿದ್ದಳು, ಗಾಜಿನ ಪಟ್ಟಿಯಿಂದ ಒತ್ತುತ್ತಿದ್ದಳು, ತೀಡಿ ತೀಡಿ ಮೈ ಕನ್ನಡಿಯಂತೆ ಮಾಡುತ್ತಿದ್ದಳು. ಹಬ್ಬದ ಹಿಂದಿನ ದಿನ ಅಂಗಳ ಸಾರಿಸುವಾಗಿನ ಅಚ್ಚುಕಟ್ಟು ಅದು. ಹಿಂದಿನ ಐದು ಸಂಶೋಧಕರ ಪುಡಿಗಳ ಕಣ ಸಾಸಿವೆಯಂತೆ ದುಂಡಗೆ. ಎಷ್ಟು ಒತ್ತಿದರೂ ಬಾಧೆಯಿರಲಿಲ್ಲ. ಕರಿಪುಡಿಯ ಕಣ ಮಾತ್ರ ರೊಟ್ಟಿಯ ಚೂರು. ಒತ್ತಿದ ಕೂಡಲೇ ಮಲಗಿತ್ತು.

"ಯವ್ವಾ," ಎಂದಳು ಅಮೃತಮ್ಮ. "ನಾನೇ ಮಲಗಿಸೀನಿ."

"ಯಾರನ್ನ?" ಎಂದ ಭೀಮಾಶಂಕರ ಗಾಬರಿಯಿಂದ.

ಸೋಮವಾರ ಬೆಳಿಗ್ಗೆ ಅವಳು ಮೊದಲು ಹೋದದ್ದು ಚನ್ನಪ್ಪನ ಯಂತ್ರದ ಕೋಣೆಗೆ. ಹೇಳಿದ್ದನ್ನೆಲ್ಲ ಕೇಳಿ ಅವನು ಬಾಗಿಲು ಮುಚ್ಚಿದ.

"ಸುಮ್ನಿರಮ್ಮ. ಈಗ ಹೇಳಿದ್ರೆ ನನ್ ಕಥೆ ಏನಾಗ್ಬೇಕು? ಕೈಯಾರೆ ತುಂಬಿದ್ದೀನಿ ಅಂತ ಹೇಳ್ಬಿಟ್ಟಿದ್ದೀನಿ. ಹೆಂಗೂ ಮೆಷಿನ್ ಬರುತ್ತೆ, ನಿಂಗೂ ಕೈನೋವು ತಪ್ಪುತ್ತೆ."

"ನನ್ನ ಕೈನೋವಿನ ಸುದ್ದಿ ನಾ ಎಂದರ ನಿನಗ ಹೇಳೀನೇನು ಅಣ್ಣಾ?"

"ಒತ್ತಿದ್ದು ನೀನೇ ಅಲ್ವಾ? ಒಪ್ಕೊಂಡ್ರೆ ಬೈಗುಳ ನಿಂಗೇ. ಇಷ್ಟ್ ವರ್ಷ ಕನ್ನಡಿ ಥರ ಮಾಡ್ತೀನಿ ಅಂತ ಮೆರೆದಿದ್ದೆಲ್ಲ ನೀರಲ್ಲಿ ಹೋಮ. ರೂಮು ಹುಡುಕಿಕೊಟ್ಟವನು ಹೇಳ್ತಿದ್ದೀನಿ, ಕೇಳು."

ಈ ಕೊನೆಯ ಮಾತು ಅವಳನ್ನು ಒಂದು ಕ್ಷಣ ಕಟ್ಟಿಹಾಕಿತು. ಬಾಯಿ ಮುಚ್ಚಿದರೆ ಚನ್ನಪ್ಪ ಉಳಿಯುತ್ತಾನೆ, ತನ್ನ ಅಚ್ಚುಕಟ್ಟಿನ ಹೆಸರೂ ಉಳಿಯುತ್ತದೆ, ಕರಿಪುಡಿ ಮಾತ್ರ ಕೆಟ್ಟದ್ದು ಎನಿಸಿಕೊಳ್ಳುತ್ತದೆ. ಕೆಡದೆ ಇದ್ದದ್ದು ಅದೊಂದೇ.

"ರೂಮಿಗಿ ನಾ ನಿನಗ ಸಾಯೋತನ ಶರಣು ಅಂತೀನಿ," ಎಂದಳು. "ಆದರ ಪುಡಿ ಖರೇ ಅದ ಅಣ್ಣಾ. ಅದಕ್ಕ ಬಾಯಿಲ್ಲ. ನನಗದ."

ವಿರೂಪಾಕ್ಷರ ಕೋಣೆಯಲ್ಲಿ ರಶ್ಮಿಯೂ ಇದ್ದಳು. ಅಮೃತಮ್ಮ ನಿಂತೇ ಹೇಳಿದಳು. "ಎಕ್ಸ್‌ರೇ ತಟ್ಯಾಗ ಪುಡಿ ತುಂಬಿದಾಕಿ ನಾನ್ರಿ. ಒತ್ತೀನಿ, ತೀಡೀನಿ, ಕನ್ನಡಿ ಮಾಡೀನಿ. ರೊಟ್ಟಿ ಎಲ್ಲ ಮಲಗ್ಯಾವು. ಅಂಚು ಕಾಣಾಂಗಿಲ್ಲ. ತಪ್ಪು ಪುಡೀದಲ್ಲ, ನನ್ನದು."

ವಿರೂಪಾಕ್ಷ ಕನ್ನಡಕ ತೆಗೆದರು. "ಚನ್ನಪ್ಪ ತಾನೇ ತುಂಬಿದ್ದೀನಿ ಅಂದ್ರಲ್ಲ?"

"ಅದು ಅವರನ್ನೇ ಕೇಳ್ರಿ. ನಾ ನನ್ನ ಕೈ ಸುದ್ದಿ ಅಷ್ಟೇ ಹೇಳ್ತೀನಿ."

"ಹಾಗಾದ್ರೆ ಸಡಿಲವಾಗಿ ತುಂಬಿ ತೋರಿಸಿ."

"ತುಂಬೂದಿಲ್ರಿ, ಉದುರಸ್ತೀನಿ," ಎಂದು ಅವಳು ಸೆರಗಿನ ಗಂಟಿನಿಂದ ತಿಪ್ಪಸಂದ್ರ ಮಾರ್ಕೆಟ್ಟಿನ ಹೊಚ್ಚ ಹೊಸ ಚಹಾ ಸೋಸುವ ಜರಡಿ ತೆಗೆದಳು. ಬರುವ ದಾರಿಯಲ್ಲೇ ಕೊಂಡಿದ್ದಳು. ಎಲ್ಲರೂ ಚನ್ನಪ್ಪನ ಯಂತ್ರದ ಕೋಣೆಗೆ ಬಂದರು. ತಟ್ಟೆಯ ಬದಲಿಗೆ ಒಂದು ಗಾಜಿನ ಚೂರಿಗೆ ರಶ್ಮಿ ತೆಳ್ಳಗೆ ವ್ಯಾಸಲೀನ್ ಸವರಿದಳು. ಅಮೃತಮ್ಮ ಒಂದು ಗೇಣು ಮೇಲಿನಿಂದ ಜರಡಿಯನ್ನು ಬೆರಳಿನಿಂದ ತಟ್ಟಿದಳು. ಪುಡಿ ಬಿದ್ದ ಹಾಗೇ ಅಂಟಿತು. ಮಿನುಗಲಿಲ್ಲ. ಮಬ್ಬಾಗಿ, ಒರಟಾಗಿ, ಅವಳ ಕಣ್ಣಿಗೆ ಅಸಹ್ಯವಾಗಿ ಕಾಣುತ್ತಿತ್ತು. ಗಾಜಿನ ಪಟ್ಟಿಯತ್ತ ಕೈ ತಾನಾಗಿಯೇ ಹೋಯಿತು. ರಶ್ಮಿ ಆ ಕೈಯನ್ನು ಹಿಡಿದುಕೊಂಡಳು.

"ಬೇಡ ಅಮೃತಮ್ಮ. ಹೀಗೇ ಇರ್ಲಿ."

"ಗಲೀಜು ಕಾಣಸ್ತದಲ್ಲವ್ವ..."

"ಇರ್ಲಿ."

ಗಾಜನ್ನು ಯಂತ್ರದೊಳಗೆ ಇಡಲು ಚನ್ನಪ್ಪ ಎದ್ದ. ಯಾರ ಮುಖವನ್ನೂ ನೋಡಲಿಲ್ಲ. ಸಾಮಾನ್ಯವಾಗಿ ಗುಂಡಿ ಒತ್ತುವಾಗ ಒಂದು ಜೋಕು ಇರುತ್ತಿತ್ತು, ಇವತ್ತು ಗುಂಡಿ ಮಾತ್ರ. ಪೆನ್ನು ಕಾಗದದ ಮೇಲೆ ತೆವಳತೊಡಗಿತು. ಮೊದಲ ಶಿಖರ ಎದ್ದಿತು, ಆದರೆ ಈ ಸಲ ಮುಗಿಲು ಮುಟ್ಟಲಿಲ್ಲ. ಆಮೇಲೆ ಉದ್ದಕ್ಕೂ ಬಯಲು. ಅಮೃತಮ್ಮ ಎಡಗೈಯ ಬಳೆ ತಿರುವುತ್ತ ನಿಂತಳು. ಬಯಲು ಮುಗಿದು ಪೆನ್ನು ಒಮ್ಮೆ ನಡುಗಿ ಮೇಲೆ ಹತ್ತಿತು. ಇಳಿಯಿತು. ಮತ್ತೆ ಹತ್ತಿತು. ನೆಲ ಕಚ್ಚಿದ್ದ ಶಿಖರಗಳು ಒಂದೊಂದೇ, ಪುಸ್ತಕದಲ್ಲಿ ಹೇಳಿದ ಜಾಗದಲ್ಲಿ, ಹೇಳಿದ ಎತ್ತರಕ್ಕೆ ಎದ್ದು ನಿಂತವು.

"ಇದೇ! ಇದೇ! ಸಾರಿ, ಇದೇ!" ಎಂದು ರಶ್ಮಿ ಕುಣಿದಳು.

ವಿರೂಪಾಕ್ಷ ಪುಸ್ತಕದ ಮಾದರಿಯನ್ನು ಪಕ್ಕದಲ್ಲಿಟ್ಟು ಬೆರಳಿನಿಂದ ಒಂದೊಂದೇ ಶಿಖರ ಮುಟ್ಟಿ ನೋಡಿದರು. ಬೇಡದ ಶಿಖರ ಒಂದೂ ಇರಲಿಲ್ಲ. ಅಪ್ಪಟ ಪುಡಿ. ಅವರು ಏನೋ ಹೇಳುವ ಮೊದಲೇ ಮೂಲೆಯಿಂದ ಚನ್ನಪ್ಪನ ದನಿ ಬಂತು.

"ಸಾರ್, ಆವತ್ತು ನಾನು ತುಂಬಿರ್ಲಿಲ್ಲ. ಒಂದಿನಾನೂ ತುಂಬಿಲ್ಲ. ಐದು ವರ್ಷದಿಂದ ಅಮೃತಮ್ಮನ ಕೈಲೇ ಮಾಡಿಸ್ತಿದ್ದೆ. ಒತ್ತಬಾರದು ಅಂತ ಹೇಳಿಕೊಡೋದು ನನ್ ಕೆಲಸ. ಅದನ್ನೂ ಮಾಡ್ಲಿಲ್ಲ."

"ಅದನ್ನ ಆಮೇಲೆ ಮಾತಾಡೋಣ," ಎಂದರು ವಿರೂಪಾಕ್ಷ. ಮಾತಾಡಿದರೂ ಕೂಡ. ಒಂದು ತಿಂಗಳು ಚನ್ನಪ್ಪ ಜೋಕು ಹೇಳಲಿಲ್ಲ ಎಂಬುದರಿಂದ ಆ ಮಾತಿನ ತೂಕ ಊಹಿಸಬಹುದು.

ಶುಕ್ರವಾರ ಬಂದ ತಜ್ಞೆ ಬೆಳ್ಳಿಗೂದಲಿನ, ಕಡಿಮೆ ಮಾತಿನ ಹೆಂಗಸು. ಒತ್ತಿದ ಪುಡಿಯ ಕಾಗದ, ಉದುರಿಸಿದ ಪುಡಿಯ ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಬಿಲ್ಲೆಯ ಮುಖದುದ್ದಕ್ಕೆ ಅಳೆದ ಅಂಕಿ ಕೇಳಿದರು. ಮೇಲಿನಿಂದ ಕೆಳಕ್ಕೆ ಅಳೆದದ್ದನ್ನೂ ಕೇಳಿದರು. ವಾರವಿಡೀ ಕೂತು ರಶ್ಮಿ ಎರಡನ್ನೂ ಸಿದ್ಧಮಾಡಿದ್ದಳು. ಮುಖದುದ್ದಕ್ಕೆ ಕರೆಂಟು ಸಲೀಸು, ಮೆಟ್ಟಿಲು ಹತ್ತುವುದು ಮಹಾ ಕಷ್ಟ. ಬಿಲ್ಲೆಯಲ್ಲೂ ರೊಟ್ಟಿಗಳು ಒಪ್ಪವಾಗಿ ಮಲಗಿದ್ದವು ಎಂಬುದಕ್ಕೆ ಅದೇ ಸಾಕ್ಷಿ. ಮೀಟರ್ ಯಾವ ಸುಳ್ಳನ್ನೂ ಹೇಳಿರಲಿಲ್ಲ.

"ಹರಳುಗಳು ಇಷ್ಟು ಚೆನ್ನಾಗಿ ಒಂದೇ ಕಡೆ ಮಲಗಿರೋ ಬಿಲ್ಲೆ ನಾನು ಹೆಚ್ಚು ನೋಡಿಲ್ಲ," ಎಂದರು ತಜ್ಞೆ ಇಂಗ್ಲಿಷಿನಲ್ಲಿ. "ಯಾವ ಯಂತ್ರ ಉಪಯೋಗಿಸಿದಿರಿ?"

ರಶ್ಮಿ ಮೊಳೆಯತ್ತ ತೋರಿಸಿದಳು. ಅಲ್ಲಿ ಆರು ಹಸಿರು ಗಾಜಿನ ಬಳೆ ತೂಗುತ್ತಿದ್ದವು. ಅದರ ಕೆಳಗೆ ಅಮೃತಮ್ಮ ಕೂತು ಅರೆಯುತ್ತಿದ್ದಳು.

ತಜ್ಞೆ ಹತ್ತಿರ ಹೋಗಿ ನಿಂತರು. ಅಮೃತಮ್ಮ ಕೈ ನಿಲ್ಲಿಸಲಿಲ್ಲ. ಸಪ್ಪಳ ಇನ್ನೂ ಕರಕರ ಎನ್ನುತ್ತಿತ್ತು. "ಕುಂದರ್ರಿ ತಾಯಿ," ಎಂದಳು. "ಇನ್ನೂ ಅರ್ಧಾ ತಾಸು ಅದ." ಮೇಲೆ ಗೆಸ್ಟ್ ರೂಮಿನಲ್ಲಿ ಚಹಾ ಆರಿ ತಣ್ಣಗಾಗುತ್ತಿತ್ತು. ತಜ್ಞೆ ಸ್ಟೂಲು ಎಳೆದುಕೊಂಡು ಕೂತು, ಅರ್ಧ ತಾಸೂ ಆ ಕೈಯನ್ನೇ ನೋಡಿದರು. ಸಪ್ಪಳ ಸುಮ್ಮನಾದಾಗ ಮೊದಲು ತಲೆಯೆತ್ತಿದವರು ಅವರೇ.

ಮರುವರ್ಷ ಆ ಕೆಲಸ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಕೊನೆಯ ಪುಟದ ವಂದನೆಯ ಸಾಲಿನಲ್ಲಿ ಅಮೃತಮ್ಮನ ಹೆಸರಿತ್ತು, ವಿರೂಪಾಕ್ಷರು ಅನುಮಾನಪಟ್ಟಿದ್ದ ಮೀಟರಿನ ಹೆಸರಿಗಿಂತ ಮೊದಲು. ಭೀಮಾಶಂಕರ ಆ ಪುಟವನ್ನು ಕ್ಯಾಂಟೀನಿನಲ್ಲಿ ಎಷ್ಟು ಮಂದಿಗೆ ತೋರಿಸಿದನೆಂದರೆ ಅದರ ಮೇಲೆ ಸಾಂಬಾರಿನದೇ ಒಂದು ಪದರ ಕೂತಿತು. ಒತ್ತಿದ್ದು, ಉದುರಿಸಿದ್ದು, ಎರಡೂ ಎಕ್ಸ್‌ರೇ ಕಾಗದಗಳಿಗೆ ಕಟ್ಟು ಹಾಕಿಸಿ ಸಂಶೋಧನಾಲಯದ ಗೋಡೆಗೆ ತೂಗುಹಾಕಿದರು. ಒಳ್ಳೆಯದೊಂದೇ ಸಾಕು ಎಂದು ರಶ್ಮಿ ಹೇಳಿದಾಗ ಅಮೃತಮ್ಮ ಒಪ್ಪಲಿಲ್ಲ. "ಕೆಟ್ಟದ್ದೂ ಇರಲವ್ವ. ಅದೂ ನನ್ನ ಕೈದೇ ಅದ." ಹೊಸದಾಗಿ ಬಂದ ಪ್ರತಿ ಸಂಶೋಧಕನೂ ಮೊದಲ ದಿನ ಆ ಕಾಗದಗಳ ಕೆಳಗೆ ನಿಂತು, ಯಾವುದಕ್ಕೆ ಒತ್ತಬೇಕು, ಯಾವುದಕ್ಕೆ ಉದುರಿಸಬೇಕು ಎಂದು ಅವಳ ಬಾಯಿಂದಲೇ ಪಾಠ ಕೇಳಬೇಕಾಗಿತ್ತು.

ಆರ್ಡರ್ ಕೊಟ್ಟಾಗಿದ್ದರಿಂದ ಅರೆಯುವ ಯಂತ್ರವೂ ಬಂದಿತ್ತು, ತಜ್ಞೆ ಬಂದಿದ್ದ ಆ ಶುಕ್ರವಾರದ ಮರುದಿನವೇ. ನಾಲ್ವರು ಹೊತ್ತು ತಂದು ಕೋಣೆಯ ನಡುವೆ ಇಳಿಸಿ ಬೆವರು ಒರೆಸಿಕೊಂಡರು. ಕಿಟಕಿಯ ಪಕ್ಕದ, ಬೆಳಕು ಚೆನ್ನಾಗಿ ಬೀಳುವ ಅಮೃತಮ್ಮನ ಮೇಜನ್ನು ಒಮ್ಮೆ, ಯಂತ್ರವನ್ನು ಒಮ್ಮೆ ನೋಡಿ ವಿರೂಪಾಕ್ಷ ಕತ್ತು ತುರಿಸಿಕೊಂಡರು.

"ಇದನ್ನ ಎಲ್ಲಿಡೋಣ ಅಮೃತಮ್ಮ?"

ಅಮೃತಮ್ಮ ಬಲಗೈಯ ಬಳೆಗಳನ್ನು ಒಂದೊಂದಾಗಿ ತೆಗೆದು ಮೊಳೆಗೆ ಹಾಕಿದಳು.

"ಗೆಸ್ಟ್ ರೂಮಿನ್ಯಾಗ ಇಡ್ರಿ ಸಾಹೇಬ್ರ," ಎಂದಳು. "ಅಲ್ಲಿ ಹಗುರ ಕೆಲಸ ಅದಂತ."